ಮೈಸೂರಿನ ಕೊಡುಗೈ, ಲಂಡನ್ನಿನ ವಾದ್ಯಮೇಳ

ಸಂಜೆಯ ಹೊತ್ತು ತುಮಕೂರಿನ ಸದಾಶಿವನಗರದ ಯಾವುದಾದರೊಂದು ಬೀದಿಯಲ್ಲಿ ನಡೆದು ಹೋದರೆ ಒಂದು ಮನೆಯಿಂದ ದೇವರನಾಮ, ಇನ್ನೊಂದು ಮನೆಯಿಂದ ವಾರ್ತೆ, ಮತ್ತೊಂದರಿಂದ ಚಲನಚಿತ್ರಗೀತೆ ಕಿವಿಗೆ ಬೀಳುತ್ತದೆ. ಆ ಮನೆಗಳಲ್ಲಿ ಒಂದು ನಿಮ್ಮದಾಗಿದ್ದರೆ, ರೇಡಿಯೋವಿನ ಗುಂಡಿ ತಿರುಗಿಸುವಾಗ ಎಂದಾದರೊಮ್ಮೆ ಪಾಶ್ಚಾತ್ಯರ ಪಿಟೀಲುಗಳ ಒಕ್ಕೊರಲ ನಾದವೂ ಹಾದು ಹೋಗಿರಬೇಕು. ‘ಇದು ನಮಗಲ್ಲ’ ಎಂದುಕೊಂಡು ನೀವು ಮುಳ್ಳನ್ನು ಮುಂದಕ್ಕೆ ಸರಿಸಿರಲೂಬಹುದು. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ನಾದಕ್ಕೂ ನಮ್ಮ ಹಳೆಯ ಮೈಸೂರು ಸೀಮೆಗೂ ಒಂದು ನಂಟು ಇದೆ ಎಂಬುದು ಬಹುಮಂದಿಗೆ ತಿಳಿಯದು. ಲಂಡನ್ ನಗರದ ಹೆಸರಾಂತ ವಾದ್ಯಮೇಳವೊಂದು ತನ್ನ ಎಳೆತನದಲ್ಲಿ ಮೈಸೂರಿನ ಹಣದಿಂದ ಬಲ ಪಡೆಯಿತು. ಆ ಮೇಳಕ್ಕೆ 2025ರಲ್ಲಿ 80 ವರ್ಷ ತುಂಬಿತು. ಅದರ ಕಥೆಯನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ಸಂಗೀತವನ್ನು ಪೋಷಿಸುವವರು ಯಾರು, ಉಳಿಸುವವರು ಯಾರು ಎಂಬ ಪ್ರಶ್ನೆಯೂ ಆ ಕಥೆಯ ಜೊತೆಗೇ ಬರುತ್ತದೆ.

ಕಥೆ ಆರಂಭವಾಗುವುದು ಕೇವಲ ನಾಲ್ವರು ವಾದಕರಿಂದ. ಪಾಶ್ಚಾತ್ಯರಲ್ಲಿ ‘ಸ್ಟ್ರಿಂಗ್ ಕ್ವಾರ್ಟೆಟ್’ ಎಂಬ ಒಂದು ಸಂಪ್ರದಾಯವಿದೆ. ನಾಲ್ವರ ತಂತಿಮೇಳ ಎಂದು ನಾವು ಅದನ್ನು ಕರೆಯಬಹುದು. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ, ಕೆಳದನಿಯ ವಿಯೋಲ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಗಂಭೀರನಾದದ ಚೆಲ್ಲೊ. ಇಷ್ಟೇ ಪರಿಕರ. ಕೋಲು ಹಿಡಿದು ಮುಂದೆ ನಿಂತು ನಡೆಸುವ ನಾಯಕನಿಲ್ಲ. ನಮ್ಮ ಕಛೇರಿಯಲ್ಲಿ ಹಾಡುಗಾರರು ಮುಂದೆ, ಪಿಟೀಲಿನವರು ಅವರನ್ನು ಅನುಸರಿಸುವವರು, ಇಲ್ಲಿ ಹಾಗಲ್ಲ. ನಾಲ್ವರು ಗೆಳೆಯರು ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು ಮಾತಿಗೆ ತೊಡಗಿದರೆ, ಒಬ್ಬ ಮಾತು ಎತ್ತುತ್ತಾನೆ, ಒಬ್ಬ ಒಪ್ಪುತ್ತಾನೆ, ಒಬ್ಬ ಅಡ್ಡ ಹೇಳುತ್ತಾನೆ, ಇನ್ನೊಬ್ಬ ಸುಮ್ಮನಿದ್ದು ಕೊನೆಗೆ ತೂಕದ ಒಂದು ಮಾತು ಆಡುತ್ತಾನೆ. ನಾಲ್ವರ ಮೇಳದ ಸೊಗಸು ಇಂಥದು. ಬರೆದ ಸ್ವರವನ್ನೇ ನುಡಿಸಬೇಕಾದರೂ ಒಬ್ಬರ ಉಸಿರನ್ನು ಇನ್ನೊಬ್ಬರು ಅರಿತು ನುಡಿಸಬೇಕು.

ಈ ಸಂಪ್ರದಾಯಕ್ಕೆ ನೆಲೆಗಟ್ಟು ಹಾಕಿದವರು ಆಸ್ಟ್ರಿಯ ದೇಶದ ಹೇಡನ್ (1732–1809). ಅರವತ್ತಕ್ಕೂ ಮಿಕ್ಕಿ ಇಂಥ ಕೃತಿಗಳನ್ನು ಅವರು ರಚಿಸಿದರು. 1761ರಿಂದ ಸುಮಾರು ಮೂವತ್ತು ವರ್ಷ ಅವರು ಎಸ್ಟರ್‌ಹಾಜಿ ಎಂಬ ರಾಜಮನೆತನದ ಆಸ್ಥಾನದಲ್ಲಿ ಸಮವಸ್ತ್ರ ಧರಿಸಿ ಊಳಿಗ ಮಾಡಿದರು. 1790ರಲ್ಲಿ ಸಂಗೀತಪ್ರಿಯನಾದ ದೊರೆ ತೀರಿಕೊಂಡನು. ಪಟ್ಟಕ್ಕೆ ಬಂದ ಮಗನಿಗೆ ಸಂಗೀತದಲ್ಲಿ ಅಷ್ಟೇನೂ ಆಸಕ್ತಿಯಿಲ್ಲ. ಆಸ್ಥಾನದ ವಾದ್ಯಮೇಳವನ್ನು ವಿಸರ್ಜಿಸಿಬಿಟ್ಟನು. ಆಗ ಲಂಡನ್ನಿನಲ್ಲಿದ್ದ ಸಾಲೋಮನ್ ಎಂಬ ಪಿಟೀಲು ವಿದ್ವಾಂಸರು ಹೇಡನ್ ಅವರನ್ನು ತಮ್ಮ ಕಛೇರಿಗಳ ಸಾಲಿಗೆ ಅತಿಥಿಯಾಗಿ ಕರೆತಂದರು. 1791ರಲ್ಲಿ ಅಲ್ಲಿಗೆ ಬಂದ ಹೇಡನ್, ಮುಂಗಡ ಚಂದಾ ಕೊಟ್ಟು ಕೇಳಲು ಬಂದ ಪುರಜನರ ಮುಂದೆ ನಿಂತರು. ದೊರೆಯ ಮನೆಯಲ್ಲಿ ಬೆಳೆದ ಸಂಗೀತ ಊರಿನ ಮಡಿಲಿಗೆ ಬಂದದ್ದು ಹೀಗೆ. ಈ ಪ್ರಸಂಗವನ್ನು ನೀವು ನೆನಪಿನಲ್ಲಿಟ್ಟಿರಬೇಕು; ನಮ್ಮ ಕಥೆಯಲ್ಲಿ ಇದು ಬೇರೆ ವೇಷದಲ್ಲಿ ಮತ್ತೆ ಬರುತ್ತದೆ.

ಪಿಟೀಲು ನಮಗೇನೂ ಪರಕೀಯವಾಗಿ ಉಳಿಯಲಿಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಮದರಾಸಿನಲ್ಲಿ ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಷಡ್ಜ ಪಂಚಮಗಳಿಗೆ ಶ್ರುತಿ ಮಾಡಿ, ನೆಲದ ಮೇಲೆ ಕುಳಿತು, ತಲೆಯ ಭಾಗವನ್ನು ಪಾದಕ್ಕೆ ಆನಿಸಿ ನುಡಿಸುವ ರೀತಿ ನಮ್ಮದೇ ಆಯಿತು. ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿ, ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ ಮಾಡಿದ ಟಿ. ಚೌಡಯ್ಯನವರು ಒಂದು ಹೆಜ್ಜೆ ಮುಂದೆ ಹೋದರು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಬೇಕೆಂದು, ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಜೊತೆತಂತಿಗಳನ್ನು ಕಟ್ಟಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಕೊನೆಯ ಸಾಲಿನಲ್ಲಿ ಕುಳಿತ ಕೇಳುಗನನ್ನು ನೆನೆದು ವಾದ್ಯವನ್ನೇ ಮಾರ್ಪಡಿಸಿದ ಆ ಬುದ್ಧಿ ದೊಡ್ಡದು. 1967ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿಯೇ ನಿಂತಿರುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ.

ಮೈಸೂರು ಅರಮನೆಯಲ್ಲಿ ಎರಡು ಸಂಗೀತಗಳಿಗೂ ಮಣೆ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಕರ್ಣಾಟಕ ವಾದ್ಯಮೇಳದ ಜೊತೆಗೆ ಪಾಶ್ಚಾತ್ಯ ವಾದ್ಯಮೇಳವನ್ನೂ ಅರಮನೆ ಪೋಷಿಸುತ್ತಿತ್ತು. ಅದನ್ನು ಆಟೋ ಷ್ಮಿಟ್ ಎಂಬ ವಿದೇಶೀಯ ಸಂಗೀತಗಾರರು ನಡೆಸುತ್ತಿದ್ದರು. ವೀಣೆ ವೆಂಕಟಗಿರಿಯಪ್ಪನವರು ಮೇಳಕ್ಕೆಂದೇ ‘ನಗ್ಮ’ಗಳೆಂಬ ರಚನೆಗಳನ್ನು ಮಾಡಿದರು. ದಸರೆಯ ಕಾಲದಲ್ಲಿ ಈ ಬ್ಯಾಂಡುಗಳನ್ನು ಕೇಳುವುದಕ್ಕಾಗಿಯೇ ಜನ ಸೇರುತ್ತಿದ್ದರು. ಅರಮನೆಯ ಆಡಳಿತ ಮುಗಿದ ಮೇಲೆ ಆ ಬ್ಯಾಂಡುಗಳ ಪರಂಪರೆ ಪೊಲೀಸ್ ಇಲಾಖೆಯ ಆಶ್ರಯಕ್ಕೆ ಬಂತು. ಇಂದಿಗೂ ದಸರೆಯಲ್ಲಿ ಪೊಲೀಸ್ ಬ್ಯಾಂಡಿನ ಕಛೇರಿ ನಡೆಯುವುದು ಆ ಹಳೆಯ ಬೇರಿನಿಂದಲೇ.

ಇಂಥ ಮನೆಯಲ್ಲಿ 1919ರ ಜುಲೈ 18ರಂದು ಹುಟ್ಟಿದವರು ಜಯಚಾಮರಾಜ ಒಡೆಯರು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಪುತ್ರರಾದ ಇವರಿಗೆ ಎಳೆತನದಿಂದ ಪಿಯಾನೋವಿನಲ್ಲಿ ಒಲವು. ವೇದಿಕೆಯ ಮೇಲೆ ನುಡಿಸುವ ಪಿಯಾನೋ ವಿದ್ವಾಂಸನಾಗಬೇಕೆಂಬ ಹಂಬಲವೂ ಇತ್ತು. ಆದರೆ 1940ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ತಂದೆಯವರೂ, ದೊಡ್ಡಪ್ಪನವರಾದ ನಾಲ್ವಡಿಯವರೂ ಗತಿಸಿದರು. ಇಪ್ಪತ್ತೊಂದರ ವಯಸ್ಸಿಗೆ ರಾಜ್ಯಭಾರ ಹೆಗಲಿಗೆ ಬಂತು. ಪಿಯಾನೋವಿನ ಮುಂದೆ ಕೂರಬೇಕಾದ ಯುವಕ ಸಿಂಹಾಸನದ ಮೇಲೆ ಕೂರಬೇಕಾಯಿತು. ಆದರೂ ಅಭ್ಯಾಸ ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯೂ, ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಸದಸ್ಯತ್ವವೂ ಅವರಿಗೆ ಸಂದವು.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಾಗಬಾರದು. ಹೊರನಾಡಿನ ಸಂಗೀತಕ್ಕೆ ಮನಸೋತ ದೊರೆ ಮನೆಯ ಸಂಗೀತವನ್ನು ಮರೆತರು ಎಂದು ನೀವು ಎಣಿಸಬೇಡಿ. ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತು, ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದು, ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ಅವರು ರಚಿಸಿದರು. ಹಲವು ಅಪೂರ್ವ ರಾಗಗಳು ಆ ಕೃತಿಗಳಲ್ಲಿ ಬೆಳಕು ಕಂಡಿವೆ. ಈ ರಚನೆ ನಡೆದದ್ದು 1945ರಿಂದ 1947ರ ಅವಧಿಯಲ್ಲಿ. ಲಂಡನ್ನಿಗೆ ಹಣ ಕಳುಹಿಸಲು ಮೊದಲುಮಾಡಿದ್ದೂ ಅದೇ ಅವಧಿಯಲ್ಲಿ.

ಆ ಹಣದಿಂದ ಮೊದಲು ನೆರವು ಪಡೆದವರು ನಿಕೊಲಾಯ್ ಮೆಟ್ನರ್ ಎಂಬ ವೃದ್ಧ ರಷ್ಯನ್ ಸಂಗೀತಗಾರರು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ಬಳಿಕ 1921ರಲ್ಲಿ ದೇಶ ಬಿಟ್ಟು, 1935ರಿಂದ ಲಂಡನ್ನಿನಲ್ಲಿ ನೆಲೆಸಿದ್ದವರು. ಯುದ್ಧ ಆರಂಭವಾದೊಡನೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯ ನಿಂತುಹೋಯಿತು, ಆರೋಗ್ಯವೂ ಕೆಟ್ಟಿತು. ಜಗತ್ತು ಬಹುಮಟ್ಟಿಗೆ ಅವರನ್ನು ಮರೆತಿತ್ತು. ಆಗ ಸಾವಿರಾರು ಮೈಲಿಗಳಾಚೆಯ ಮೈಸೂರಿನಿಂದ, ಅವರ ಕೃತಿಗಳನ್ನೆಲ್ಲ ಧ್ವನಿಮುದ್ರಿಸಲು ಹಣ ಒದಗಿಸುವ ಮಾತು ಬಂತು. 1946ರಲ್ಲಿ ಮಹಾರಾಜರು ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿದರು.

ಮೆಟ್ನರ್ ಸ್ವತಃ ಪಿಯಾನೋ ಮುಂದೆ ಕುಳಿತು ತಮ್ಮ ಮೂರು ಪಿಯಾನೋ ಕಾನ್ಚರ್ಟೊಗಳನ್ನೂ, ಹಲವು ಬಿಡಿ ಕೃತಿಗಳನ್ನೂ ಗ್ರಾಮಫೋನ್ ತಟ್ಟೆಗಳಿಗೆ ನುಡಿಸಿದರು. ಸುಮಾರು 1904ರಲ್ಲಿ ಕೈಗೆತ್ತಿಕೊಂಡು 1949ರಲ್ಲಿ ಮುಗಿಸಿದ ಒಂದು ಕೃತಿಯನ್ನು, ಇಯೋಲಿಯನ್ ಕ್ವಾರ್ಟೆಟ್ ಎಂಬ ನಾಲ್ವರ ತಂತಿಮೇಳದ ಜೊತೆಯಲ್ಲಿ ನುಡಿಸಿ ಮುದ್ರಿಸಿದರು. ನಾಲ್ವರು ಮನೆಯವರು, ಐದನೆಯವರಾಗಿ ಪಿಯಾನೋ ಹಿಡಿದ ಅತಿಥಿ. ಸುಮಾರು ನಾಲ್ವತ್ತೈದು ವರ್ಷದ ಕೃಷಿಯ ಫಲ. ತಮ್ಮ ಮೂರನೆಯ ಪಿಯಾನೋ ಕಾನ್ಚರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿ ಮೆಟ್ನರ್ ಕೃತಜ್ಞತೆ ತೋರಿದರು. 1951ರ ನವೆಂಬರಿನಲ್ಲಿ ಅವರು ಕಣ್ಣು ಮುಚ್ಚಿದರು. ಇಂದು ಅವರ ಕೈಯ ನುಡಿತವನ್ನು ನಾವು ಕೇಳಲು ಸಾಧ್ಯವಾಗಿರುವುದರಲ್ಲಿ ಮೈಸೂರಿನ ಪಾಲು ದೊಡ್ಡದು.

ಇನ್ನು ನಮ್ಮ ಮುಖ್ಯ ವಿಷಯವಾದ ವಾದ್ಯಮೇಳಕ್ಕೆ ಬರೋಣ. ವಾಲ್ಟರ್ ಲೆಗ್ ಎಂಬವರು ಲಂಡನ್ನಿನ ಗ್ರಾಮಫೋನ್ ಕಂಪನಿಯೊಂದರಲ್ಲಿ ಧ್ವನಿಮುದ್ರಣದ ಹೊಣೆ ಹೊತ್ತವರು. ಎರಡನೆಯ ಮಹಾಯುದ್ಧದ ನಡುವೆ, ನಗರದ ಮೇಲೆ ಬಾಂಬು ಬಿದ್ದಿದ್ದ ವರ್ಷಗಳಲ್ಲಿ, ಅವರು ಧ್ವನಿಮುದ್ರಣಕ್ಕೆಂದು ನಾಲ್ವರ ತಂತಿಮೇಳವೊಂದನ್ನು ಕಟ್ಟಿದರು. ಮೊದಲ ಪಿಟೀಲು ಹೆನ್ರಿ ಹೋಲ್ಸ್ಟ್ ಅವರದು. ಹಿಂದೆ ಬರ್ಲಿನ್ನಿನ ಪ್ರಸಿದ್ಧ ವಾದ್ಯಮೇಳದಲ್ಲಿ ಪಿಟೀಲುಗಳ ಮುಂದಾಳಾಗಿದ್ದವರು. ಚೆಲ್ಲೊ ಆಂಟನಿ ಪಿನಿ ಅವರದು. ಮೇಳಕ್ಕೊಂದು ಹೆಸರು ಬೇಕಲ್ಲ? ಮೊದಲು ಮುದ್ರಿಸಿದ ಕೃತಿಯ ಅಚ್ಚುಪ್ರತಿಯ ಮುಖಪುಟದಲ್ಲಿ ‘ಫಿಲ್ಹಾರ್ಮೋನಿಯ’ ಎಂದಿತ್ತು. ಅದನ್ನೇ ಇಟ್ಟುಕೊಂಡರು.

ಯುದ್ಧ ಮುಗಿಯಿತು. ಲೆಗ್ ಅವರಿಗೆ ದೊಡ್ಡದೊಂದು ವಾದ್ಯಮೇಳ ಕಟ್ಟುವ ಆಸೆ. ಸೈನ್ಯದಿಂದ ಇನ್ನೂ ಬಿಡುಗಡೆಯಾಗದ ವಾದಕರನ್ನೂ ಹುಡುಕಿ ಹುಡುಕಿ ಸೇರಿಸಿದರು. ನಾಲ್ವರ ಮೇಳದ ಹೆಸರನ್ನೇ ಈ ಹಿರಿಯ ಮೇಳಕ್ಕೂ ಇಟ್ಟರು. ಫಿಲ್ಹಾರ್ಮೋನಿಯ ವಾದ್ಯಮೇಳದ ಮೊದಲ ಕಛೇರಿ 1945ರ ಅಕ್ಟೋಬರಿನಲ್ಲಿ ಲಂಡನ್ನಿನ ಕಿಂಗ್ಸ್‌ವೇ ಸಭಾಂಗಣದಲ್ಲಿ ನಡೆಯಿತು. ನಡೆಸಿಕೊಟ್ಟವರು ಸರ್ ಥಾಮಸ್ ಬೀಚಮ್. ನುಡಿಸಿದ್ದೆಲ್ಲ ಮೊಟ್ಸಾರ್ಟ್ ಅವರ ಕೃತಿಗಳು. ಬೀಚಮ್ ಅವರು ಅಂದು ಪಡೆದ ಸಂಭಾವನೆ ಒಂದು ಒಳ್ಳೆಯ ಚುಟ್ಟಾ ಮಾತ್ರ ಎಂದು ಹೇಳುತ್ತಾರೆ. ಹಣವಿಲ್ಲದೆ ಹುಟ್ಟಿದ ಮೇಳವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಂಥ ಮೇಳಕ್ಕೆ ವರ್ಷಕ್ಕೆ ಹತ್ತಾರು ಕಛೇರಿ ಏರ್ಪಡಿಸುವುದೆಂದರೆ ಸುಲಭವಲ್ಲ. ತೊಂಬತ್ತು ನೂರು ವಾದಕರಿಗೆ ದಿನದ ಕೂಲಿ ಕೊಡಬೇಕು; ಅಭ್ಯಾಸದ ದಿನಗಳಿಗೂ ಕೊಡಬೇಕು. ಸಭಾಂಗಣದ ಬಾಡಿಗೆ ಬೇರೆ. ಹೆಸರಾಂತ ಅತಿಥಿಗಳನ್ನು ಹೊರದೇಶದಿಂದ ಕರೆಸಬೇಕಾದರೆ ಅವರ ಪ್ರಯಾಣ, ವಸತಿ, ಸಂಭಾವನೆ. ಟಿಕೆಟ್ಟಿನ ಹಣದಿಂದ ಇದೆಲ್ಲ ಹುಟ್ಟುವುದಿಲ್ಲ. ಮೈಸೂರಿನ ನೆರವು ಅಗತ್ಯವಾದದ್ದು ಈ ಹೊತ್ತಿನಲ್ಲಿ. 1948ರಲ್ಲಿ ಲಂಡನ್ನಿನಲ್ಲಿ ಏರ್ಪಟ್ಟ ಫಿಲ್ಹಾರ್ಮೋನಿಯ ಕಛೇರಿ ಸಂಘಕ್ಕೆ ಜಯಚಾಮರಾಜ ಒಡೆಯರೇ ಮೊದಲ ಅಧ್ಯಕ್ಷರಾದರು.

ಮರುವರ್ಷ ಲೆಗ್ ಮೈಸೂರಿಗೆ ಬಂದರು. ಮೂವತ್ತು ವರ್ಷ ಆಸುಪಾಸಿನ ಯುವಕ ದೊರೆ, ಅರಮನೆಯಲ್ಲಿ ಗ್ರಾಮಫೋನ್ ತಟ್ಟೆಗಳ ಅಪಾರ ಸಂಗ್ರಹ, ದೊಡ್ಡ ಪಿಯಾನೋಗಳು, ಬಗೆಬಗೆಯ ಧ್ವನಿವರ್ಧಕಗಳು. ಇವನ್ನೆಲ್ಲ ಕಂಡು ಲೆಗ್ ಬೆರಗಾದರು. ಆ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದುವೆಂದು ಎಣಿಕೆ. ಮಾತುಕತೆಯ ಫಲವಾಗಿ ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡ್ ಕೊಡುವುದೆಂದು ಮಹಾರಾಜರು ಒಪ್ಪಿದರು. ಆಗಿನ ದರದಲ್ಲಿ ಇದು ವರ್ಷಕ್ಕೆ ಸುಮಾರು 1,33,000 ರೂಪಾಯಿ. ಒಂದು ಬಯಕೆಯನ್ನೂ ಅವರು ಮುಂದಿಟ್ಟರು: ಯಾರೂ ಮುದ್ರಿಸದೆ ಬಿಟ್ಟಿರುವ ಒಳ್ಳೆಯ ಕೃತಿಗಳು ಮುದ್ರಣವಾಗಬೇಕು. ಅದರಂತೆ ರಷ್ಯದ ಬಾಲಾಕಿರೆವ್ ಅವರ ಮೊದಲ ಸಿಂಫನಿಯನ್ನೂ, ಫ್ರಾನ್ಸಿನ ರೂಸೆಲ್ ಅವರ ನಾಲ್ಕನೆಯ ಸಿಂಫನಿಯನ್ನೂ ಹರ್ಬರ್ಟ್ ಫಾನ್ ಕಾರಯಾನ್ ಅವರ ನೇತೃತ್ವದಲ್ಲಿ ಈ ಮೇಳ 1949ರಲ್ಲಿ ಮುದ್ರಿಸಿತು. ಮಾರಾಟವಾಗುವುದೋ ಇಲ್ಲವೋ ಎಂದು ಯಾವ ವ್ಯಾಪಾರಿಯೂ ಹಿಂಜರಿಯುವ ಕೃತಿಗಳಿಗೆ ಒಬ್ಬ ಕೇಳುಗನ ಆಸಕ್ತಿ ಬಾಗಿಲು ತೆರೆಯಿತು.

ಆ ಕಾಲದ ಅತ್ಯಂತ ಸ್ಮರಣೀಯ ರಾತ್ರಿ 1950ರ ಮೇ 22. ಜರ್ಮನಿಯ ರಿಚರ್ಡ್ ಸ್ಟ್ರೌಸ್ ತಮ್ಮ 84ರ ವಯಸ್ಸಿನಲ್ಲಿ, 1948ರಲ್ಲಿ, ನಾಲ್ಕು ಹಾಡುಗಳಿಗೆ ಸ್ವರ ಬರೆದಿದ್ದರು. ಮುಪ್ಪು, ದಣಿವು, ಸಂಜೆಗೆಂಪು, ನಿದ್ರೆ. ಇವೇ ಆ ಹಾಡುಗಳ ವಸ್ತು. ಅವನ್ನು ವೇದಿಕೆಯಲ್ಲಿ ಕೇಳುವ ಮುನ್ನವೇ 1949ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ನಾರ್ವೆಯ ಗಾಯಕಿ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಬೇಕೆಂದು ಅವರ ಇಚ್ಛೆಯಿತ್ತು. ಆಕೆ ಅತಿಥಿ ಗಾಯಕಿಯಾಗಿ ಬಂದರು. ಜರ್ಮನಿಯ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಅತಿಥಿ ನಿರ್ದೇಶಕರಾಗಿ ಬಂದರು. ಫಿಲ್ಹಾರ್ಮೋನಿಯ ಮೇಳ, ಲಂಡನ್ನಿನ ಆಲ್ಬರ್ಟ್ ಹಾಲ್. ನಷ್ಟವಾದರೆ ತುಂಬಿಕೊಡಲು ಮೈಸೂರು ಮಹಾರಾಜರು 4,800 ಡಾಲರುಗಳ ಜಾಮೀನು ಕೊಟ್ಟಿದ್ದರು. ಆಗಿನ ಲೆಕ್ಕಕ್ಕೆ ಇದು ಸುಮಾರು 23,000 ರೂಪಾಯಿ. ಯುದ್ಧದಲ್ಲಿ ಬದ್ಧವೈರಿಗಳಾಗಿ ಕಾದಾಡಿದ ಇಂಗ್ಲೆಂಡು ಜರ್ಮನಿಗಳ ಕಲಾವಿದರು ಯುದ್ಧ ಮುಗಿದ ಐದು ವರ್ಷಕ್ಕೆ ಒಂದೇ ವೇದಿಕೆಯಲ್ಲಿ ನಿಂತು, ಸತ್ತ ಮುದುಕನ ಕೊನೆಯ ಹಾಡುಗಳನ್ನು ಜಗತ್ತಿಗೆ ಮೊದಲ ಬಾರಿಗೆ ಕೇಳಿಸಿದರು.

ಮಹಾರಾಜರು ಆ ಸಭೆಯಲ್ಲಿರಲಿಲ್ಲ. ಮೈಸೂರಿನಿಂದ ಅಷ್ಟು ದೂರ ಹೋಗುವ ಅನುಕೂಲ ಅವರಿಗಿರಲಿಲ್ಲ. ಆ ರಾತ್ರಿಯ ಗಾಯನವನ್ನು ಅವರಿಗಾಗಿ ತಟ್ಟೆಗಳ ಮೇಲೆ ಮುದ್ರಿಸಿ ಹಡಗಿನಲ್ಲಿ ಮೈಸೂರಿಗೆ ಕಳುಹಿಸಲಾಯಿತು. ಆ ಮುದ್ರಣದ ಪ್ರತಿ ಇಂದಿಗೂ ಉಳಿದಿದೆ. ಕರಕರ ಸದ್ದು ಬಹಳ. ಆದರೂ ಅದರ ನಡುವೆ ಆ ಮಹಾಕಂಠ ಎದ್ದು ಬರುತ್ತದೆ. ಸಾವಿರಾರು ಜನ ಕುಳಿತು ಕೇಳಿದ ಸಂಗೀತವನ್ನು, ಅದಕ್ಕೆ ಹಣದ ಆಸರೆ ಕೊಟ್ಟವರು ಒಂಟಿಯಾಗಿ, ಅರಮನೆಯ ಕೋಣೆಯಲ್ಲಿ, ತಟ್ಟೆ ತಿರುಗಿಸಿ ಕೇಳಬೇಕಾಯಿತು. ರೇಡಿಯೋ ಮುಂದೆ ಕುಳಿತು ದೂರದ ಕಛೇರಿ ಕೇಳುವ ನಿಮಗೆ ಈ ಸ್ಥಿತಿ ಅಪರಿಚಿತವಲ್ಲ.

ಇಲ್ಲಿ ನ್ಯಾಯವಾದ ಒಂದು ಪ್ರಶ್ನೆ ಏಳುತ್ತದೆ. ಪಾವಗಡ, ಮಧುಗಿರಿ, ಶಿರಾಗಳಂಥ ಒಣ ತಾಲ್ಲೂಕುಗಳಿರುವ ನಾಡಿನಿಂದ ಲಂಡನ್ನಿನ ಪಿಟೀಲುಗಳಿಗೆ ಹಣ ಹೋಗಬಹುದಿತ್ತೆ? ಆ ವರ್ಷಗಳು ಸಾಮಾನ್ಯ ವರ್ಷಗಳಲ್ಲ. 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಎದ್ದು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರಕಾರ ಬಂದಿತ್ತು. 1950ರ ಜನವರಿ 26ರಿಂದ ಮಹಾರಾಜರು ರಾಜಪ್ರಮುಖರಾದರು. ಅವರಿಗೆ ಸಲ್ಲುತ್ತಿದ್ದ ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿ. ಅದು ಸರಕಾರದ ಬೊಕ್ಕಸದಿಂದ, ಎಂದರೆ ಕಡೆಗೆ ಪ್ರಜೆಗಳಿಂದ ಬಂದ ಹಣ. ಬಾವಿ ತೋಡಿಸಬಹುದಾಗಿದ್ದ ಹಣ ಎಂದು ಒಬ್ಬ ರೈತ ಹೇಳಿದರೆ ನಾವು ತಲೆತಗ್ಗಿಸಿ ಕೇಳಬೇಕು. ಮೈಸೂರಿನ ಹಣದಿಂದ ನಡೆದ ಆ ಕಛೇರಿಗಳು ಮೈಸೂರಿನವರ ಕಿವಿಗೆ ಬೀಳಲಿಲ್ಲ ಎಂಬುದೂ ನಿಜ. ಇನ್ನೊಂದು ಕಡೆ ನೋಡಿದರೆ, ಕುದುರೆ, ಬೇಟೆ, ಒಡವೆಗಳಿಗೆ ರಾಜರುಗಳು ಸುರಿದ ಹಣದ ಗುರುತು ಇಂದು ಎಲ್ಲಿಯೂ ಇಲ್ಲ. ಈ ಹಣದ ಗುರುತು ತಟ್ಟೆಗಳಲ್ಲಿ ಉಳಿದಿದೆ. ಎರಡೂ ಮಾತುಗಳಲ್ಲಿ ತಿರುಳಿದೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಇತಿಹಾಸವಾಗುವುದಿಲ್ಲ.

ದೊರೆಯ ಕೊಡುಗೆಗೆ ಒಂದು ಸ್ವಭಾವವಿದೆ. ಅದು ಮಳೆಯಂತೆ ಬರುತ್ತದೆ, ಮಳೆಯಂತೆಯೇ ನಿಲ್ಲುತ್ತದೆ. ಭಾರತದ ರಾಜಕೀಯ ಬದಲಾಯಿತು. 1951ರ ಹೊತ್ತಿಗೆ ಮೈಸೂರಿನ ನೆರವು ನಿಂತಿತು. ಅಷ್ಟರಲ್ಲಿ ಮೇಳ ಕಾಲೂರಿತ್ತು. 1952ರಲ್ಲಿ ಕಾರಯಾನ್ ಅವರೊಡನೆ ಯೂರೋಪಿನಲ್ಲಿ ಸಂಚರಿಸಿ ಹೆಸರು ಗಳಿಸಿತು. ಅದೇ ವರ್ಷ 85 ವರ್ಷದ ವೃದ್ಧ ಟೊಸ್ಕನೀನಿ ಲಂಡನ್ನಿಗೆ ಅತಿಥಿಯಾಗಿ ಬಂದು ಎರಡು ರಾತ್ರಿ ಬ್ರಾಮ್ಸ್ ಅವರ ಸಿಂಫನಿಗಳನ್ನು ಇದೇ ಮೇಳದಿಂದ ನುಡಿಸಿದರು. 1959ರಲ್ಲಿ ಆಟೋ ಕ್ಲೆಂಪರರ್ ಮೇಳದ ಆಜೀವ ಪ್ರಧಾನ ನಿರ್ದೇಶಕರಾದರು.

ಅಸಲು ಪರೀಕ್ಷೆ ಬಂದದ್ದು 1964ರ ಮಾರ್ಚಿಯಲ್ಲಿ. ಮೇಳವನ್ನು ಕಟ್ಟಿದ ಲೆಗ್ ಅವರೇ, ಇನ್ನು ಹಿಂದಿನ ಮಟ್ಟವನ್ನು ಕಾಯ್ದುಕೊಳ್ಳುವುದು ಕಷ್ಟವೆಂದು ಹೇಳಿ, ಮೇಳದ ಕೆಲಸ ನಿಲ್ಲಿಸುವುದಾಗಿ ಪ್ರಕಟಿಸಿದರು. ಹೇಡನ್ ಅವರ ಹೊಸ ದೊರೆ ಆಸ್ಥಾನದ ಮೇಳವನ್ನು ವಿಸರ್ಜಿಸಿದ ಪ್ರಸಂಗ ನೆನಪಿದೆಯಲ್ಲ? ಇದೂ ಹಾಗೆಯೇ ಮುಗಿಯಬೇಕಾಗಿತ್ತು. ಆದರೆ ವಾದಕರು ಒಟ್ಟಿಗೆ ಸೇರಿ ಚದುರಿ ಹೋಗುವುದಿಲ್ಲವೆಂದು ತೀರ್ಮಾನಿಸಿದರು. ತಮ್ಮ ಆಡಳಿತವನ್ನು ತಾವೇ ನೋಡಿಕೊಳ್ಳುವ ಸಂಸ್ಥೆ ಮಾಡಿಕೊಂಡರು. ಹಳೆಯ ಹೆಸರು ಸಿಗಲಿಲ್ಲವಾಗಿ ‘ನ್ಯೂ ಫಿಲ್ಹಾರ್ಮೋನಿಯ’ ಎಂದು ಹೊಸ ಹೆಸರಿಟ್ಟರು. ಎಂಬತ್ತರ ಅಂಚಿನಲ್ಲಿದ್ದ ಕ್ಲೆಂಪರರ್ ಅವರ ಬೆನ್ನಿಗೆ ನಿಂತರು. ಅದೇ ಅಕ್ಟೋಬರಿನಲ್ಲಿ ಆಲ್ಬರ್ಟ್ ಹಾಲಿನಲ್ಲಿ ಬೀಥೋವನ್ ಅವರ ಒಂಬತ್ತನೆಯ ಸಿಂಫನಿಯೊಂದಿಗೆ ಮೇಳ ಮತ್ತೆ ಎದ್ದು ನಿಂತಿತು. 1977ರಲ್ಲಿ ಹಳೆಯ ಹೆಸರೂ ಮರಳಿ ದೊರಕಿತು. ಇಂದು 80 ದಾಟಿರುವುದು ಆ ವಾದಕರು ಉಳಿಸಿಕೊಂಡ ಮೇಳ.

ಇಷ್ಟಾದ ಮೇಲೆ ಲಂಡನ್ನಿನಿಂದ ಹಿಂದಿರುಗಿ ನಮ್ಮ ಮನೆಯ ಹತ್ತಿರವೇ ನೋಡೋಣ. ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಎಳೆಯ ಬಾಲಕನಾಗಿ ಅದರೊಳಗೆ ಸೇರಿದ ಗುಬ್ಬಿ ವೀರಣ್ಣನವರು (1891–1972) ಮುಂದೆ ಅದರ ಒಡೆಯರೇ ಆಗಿ, ಹಾರ್ಮೋನಿಯಂ, ತಬಲ, ಪರದೆ, ದೀಪಗಳೊಡನೆ ಊರೂರು ಸುತ್ತಿದರು. ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಅರಮನೆಯ ಮನ್ನಣೆ ಒಂದು ಅಲಂಕಾರ. ಕಂಪನಿಯ ಒಲೆ ಉರಿದದ್ದು ನೆಲದ ಮೇಲೆ ಕುಳಿತು ನೋಡಲು ಬಂದ ಜನರ ಆಣೆಕಾಸಿನಿಂದ. ಕಲೆಕ್ಷನ್ ಬಿದ್ದ ಊರಿನಲ್ಲಿ ಮೊಕ್ಕಾಂ ಮುಂದುವರಿಯುತ್ತಿತ್ತು, ಬೀಳದ ಊರಿನಿಂದ ಗಾಡಿ ಕಟ್ಟಬೇಕಾಗುತ್ತಿತ್ತು. ಕಷ್ಟದ ಬಾಳು, ಆದರೆ ಜನರ ನಡುವೆ ಬೇರು ಬಿಟ್ಟ ಬಾಳು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್, ಬಿ. ವಿ. ಕಾರಂತರಂಥವರು ಆ ಬಿಡಾರದಲ್ಲಿ ಅನ್ನ ಉಂಡು ಬೆಳೆದರು.

ನೀವು ಕೇಳುವ ರೇಡಿಯೋವಿನ ಹುಟ್ಟೂ ಇಂಥದೇ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಪುಟ್ಟ ಯಂತ್ರದಿಂದ ಪ್ರಸಾರ ಆರಂಭಿಸಿದರು. ಈಗ ನಾವು ಮನೆಯಲ್ಲಿ ಉರಿಸುವ ಹಳೆಯ ಮಾದರಿಯ ಒಂದು ದೀಪಕ್ಕೆ ಬೇಕಾಗುವುದಕ್ಕಿಂತ ಕಡಮೆ ಶಕ್ತಿ! ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು; 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ಆರಂಭವಾಯಿತು. ಒಬ್ಬ ಮೇಷ್ಟರ ಹುಚ್ಚು ಮೊದಲು, ಸರಕಾರದ ಹಣ ಆಮೇಲೆ.

ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ಮಾತೂ ಇಲ್ಲಿ ಬರಬೇಕು. ರಾಮನವಮಿಯ ಹೊತ್ತಿನಲ್ಲಿ ನಡೆಯುವ ಅದರ ಕಛೇರಿಗಳ ಸಾಲಿಗೆ ದಕ್ಷಿಣಾದಿ, ಉತ್ತರಾದಿ ಎಂಬ ಭೇದವಿಲ್ಲದೆ ಹೆಸರಾಂತ ವಿದ್ವಾಂಸರು ಅತಿಥಿಗಳಾಗಿ ಬಂದಿದ್ದಾರೆ. ಪೆಂಡಾಲಿನ ಒಳಗೆ ಜಾಗ ಸಿಗದವರು ಹೊರಗೆ ಬೀದಿಯಲ್ಲಿ ಕುಳಿತು, ನಿಂತು ಕೇಳಿದ್ದಾರೆ. ಅದಕ್ಕೆ ಯಾವ ದೊರೆಯೂ ವರ್ಷಕ್ಕಿಷ್ಟೆಂದು ಕಟ್ಟಿಕೊಡಲಿಲ್ಲ. ಊರಿನವರು ಕೊಟ್ಟರು, ಬಂದು ಕುಳಿತರು, ಮಕ್ಕಳನ್ನು ಕರೆತಂದರು. ಎಂಬತ್ತು ದಾಟಿಯೂ ಅದು ನಡೆಯುತ್ತಿದೆ.

ಜಯಚಾಮರಾಜ ಒಡೆಯರು ರಾಜಪ್ರಮುಖರಾಗಿ, ಆಮೇಲೆ ಮೈಸೂರು, ಮದರಾಸು ರಾಜ್ಯಗಳ ರಾಜ್ಯಪಾಲರಾಗಿ ಸೇವೆ ಸಲ್ಲಿಸಿ 1974ರ ಸೆಪ್ಟೆಂಬರ್ 23ರಂದು ಕಾಲವಾದರು. ರಾಜಧನ ಅದಕ್ಕೆ ಮೂರು ವರ್ಷ ಮುಂಚೆ, 1971ರಲ್ಲಿ, ರದ್ದಾಗಿತ್ತು. ಅಂಥ ಕೊಡುಗೈ ದೊರೆಗಳ ಕಾಲ ಮುಗಿಯಿತು; ಮತ್ತೆ ಬರುವುದಿಲ್ಲ. ಅವರನ್ನು ಕೃತಜ್ಞತೆಯಿಂದ ನೆನೆಯೋಣ. ಮರೆತುಹೋಗಿದ್ದ ಮೆಟ್ನರ್ ಅವರಿಗೆ ಮಾತು ಕೊಟ್ಟವರು, ಸ್ಟ್ರೌಸ್ ಅವರ ಕೊನೆಯ ಹಾಡುಗಳಿಗೆ ವೇದಿಕೆ ಹಾಕಿದವರು ನಮ್ಮ ನಾಡಿನವರೆಂಬ ಅಭಿಮಾನ ನಮಗಿರಲಿ. ಆದರೆ ಅವರು ನೆಟ್ಟ ಗಿಡ ಉಳಿದದ್ದು, ಅವರ ಕೈಯಿಂದ ನೀರು ನಿಂತ ಮೇಲೆ, ಬೇರೆಯವರು ನೀರೆರೆದುದರಿಂದ ಎಂಬುದನ್ನು ಮರೆಯದಿರೋಣ.

ಆದುದರಿಂದ ನಿಮ್ಮಲ್ಲಿ ಒಂದು ಚಿಕ್ಕ ಬಿನ್ನಹ. ರಾಮನವಮಿಗೋ ಗಣಪತಿಯ ಹಬ್ಬಕ್ಕೋ ನಾಲ್ಕು ದಿನದ ಕಛೇರಿ ಏರ್ಪಡಿಸುತ್ತೇವೆಂದು ನಿಮ್ಮ ಬಡಾವಣೆಯ ಹುಡುಗರು ರಸೀತಿ ಪುಸ್ತಕ ಹಿಡಿದು ಬಾಗಿಲಿಗೆ ಬಂದಾಗ, ಕೈಲಾದಷ್ಟು ಕೊಡಿ. ಕೊಟ್ಟ ಮೇಲೆ ಮನೆಯಲ್ಲಿಯೇ ಉಳಿಯಬೇಡಿ, ಹೋಗಿ ಕುಳಿತುಕೊಳ್ಳಿ. ಪರವೂರಿನಿಂದ ಬಂದ ವಿದ್ವಾಂಸರಿಗೆ ತುಂಬಿದ ಸಭೆ ಸಂಭಾವನೆಗಿಂತ ಹೆಚ್ಚು. ಪಕ್ಕದಲ್ಲಿ ಪಿಟೀಲು ಹಿಡಿದು ಕುಳಿತ ನಮ್ಮ ಊರಿನ ಹುಡುಗಿಗಂತೂ ಅದೇ ಎಲ್ಲ. ಇನ್ನೊಂದು ಸಂಜೆ ರೇಡಿಯೋ ತಿರುಗಿಸುವಾಗ ಆ ನಾಲ್ಕು ತಂತಿವಾದ್ಯಗಳ ದನಿ ಹಾದು ಬಂದರೆ, ಒಂದೈದು ನಿಮಿಷ ಮುಳ್ಳನ್ನು ಅಲ್ಲಿಯೇ ಬಿಡಿ. ಹಿಡಿಸದಿದ್ದರೆ ಮುಂದಕ್ಕೆ ತಿರುಗಿಸಬಹುದು. ಒಂದು ಕಾಲಕ್ಕೆ ಮೈಸೂರಿನ ಒಂದು ಕೋಣೆಯಲ್ಲಿ ಇಂಥ ನಾದಕ್ಕಾಗಿ ಹಡಗಿನ ದಾರಿ ಕಾಯುತ್ತ ಕುಳಿತವರಿದ್ದರು.